ಜೇಕು ಹಸಿರಾಗಿರಲಿ

ನಮ್ಮ ಹಿತ್ತಿಲಲ್ಲಿ ಜೇಕಿನ ಹುಲ್ಲು ಬೆಳೆದಿತ್ತು ಎಂದರೆ ಸಾಲದು. ಜೇಕಿನ ನಡುವೆ ಒಂದಿಷ್ಟು ಜಾಗ ಬೇಡಿ ಪಡೆದು ನಾವು ಬದುಕಿದ್ದೆವು ಎನ್ನಬೇಕು. ಜಮಖಂಡಿಯಲ್ಲಿ ಈ ಮನೆ ಕಟ್ಟಿಸುವಾಗ ಹಿಂದಿನ ಕರಿಮಣ್ಣು ನೋಡಿ ಹಿಗ್ಗಿದವಳು ನಾನೇ. ಬದನೆ, ಮೆಣಸಿನಕಾಯಿ, ಹೀರೆ, ಒಂದು ಕರಿಬೇವು, ಒಂದು ಲಿಂಬೆ ಎಂದು ಮನಸ್ಸಿನಲ್ಲೇ ತೋಟ ಮಾಡಿ ಮುಗಿಸಿದ್ದೆ. ಆ ಮಣ್ಣಿಗೆ ನನ್ನ ಬದನೆಗಿಂತ ಜೇಕಿನ ಮೇಲೇ ಪ್ರೀತಿ ಎಂಬುದು ಮೊದಲ ಮಳೆಗಾಲದಲ್ಲೇ ತಿಳಿಯಿತು. ಮೇಲಿನ ಹುಲ್ಲು ಕಿತ್ತರೆ ಕೆಳಗೆ ಗಡ್ಡೆ ಉಳಿಯುತ್ತದೆ. ಗಡ್ಡೆ ಅಗೆದು ತೆಗೆದರೆ ಅದರ ಬೇರಿನ ತುದಿಗೆ ಇನ್ನೊಂದು ಗಡ್ಡೆ. ಭಾನುವಾರ ಇಡೀ ಕಳೆ ತೆಗೆಯುವ ಕುರಪಿ ಹಿಡಿದು ಕೂತು, ಸೊಂಟ ಹಿಡಿಸಿಕೊಂಡು ಎದ್ದರೆ, ಮುಂದಿನ ಭಾನುವಾರದ ಹೊತ್ತಿಗೆ ಮತ್ತೆ ಸೂಜಿ ನೆಟ್ಟ ಹಾಗೆ ತಲೆ ಎತ್ತಿರುತ್ತಿತ್ತು. ಮುಧೋಳದ ಕಚೇರಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ನನಗೆ ವಾರಕ್ಕೆ ಸಿಗುವುದೇ ಒಂದು ರಜೆ. ಅದನ್ನೂ ಈ ಹುಲ್ಲು ತಿಂದುಹಾಕುತ್ತಿತ್ತು. ಅದಕ್ಕೆ ಕಿವಿ ಇದ್ದಿದ್ದರೆ ನಾನು ಬೈದ ಬೈಗುಳಕ್ಕೇ ಒಣಗಿ ಹೋಗಬೇಕಿತ್ತು.

ಜೇಕಿನ ಜೊತೆಗೆ ಇನ್ನೊಬ್ಬರ ಕಾಟವೂ ಇತ್ತು. ಅವರು ನನ್ನ ಅತ್ತೆ. ಕಣ್ಣಿನ ಆಪರೇಷನ್ ಆದ ಮೇಲೆ ಊರು ಬಿಟ್ಟು ನಮ್ಮ ಜೊತೆಗಿದ್ದರು. ಊರೆಂದರೆ ರನ್ನ ಬೆಳಗಲಿಯ ಕಡೆ. ಅಲ್ಲಿ ಮೈದುನ ಕಬ್ಬು ಬೆಳೆಯುತ್ತಾನೆ. ನಾನು ಕುರಪಿ ಹಿಡಿದು ಕೂತರೆ ಸಾಕು, ಅತ್ತೆ ಒಗೆಯುವ ಕಲ್ಲಿನ ಮೇಲೆ ಬಂದು ಕೂತು ಕಾವಲು ಶುರು ಮಾಡುತ್ತಿದ್ದರು.

"ಏ, ಅದನ್ನ ಕೀಳಬ್ಯಾಡ. ಅದು ಹತ್ತರಕಿ."

"ಅತ್ತೀ, ನಾನು ಹಚ್ಚಿದ್ದು ಮೆಣಸಿನಗಿಡರೀ. ಹತ್ತರಕಿ ಹಚ್ಚಿಲ್ಲ."

"ಹಚ್ಚಲಾರದ ಬಂದೈತಿ ಅಂದ್ರ ನಿನಗ ಯಾಕ ಸಿಟ್ಟು? ಕಸ ಬ್ಯಾರೆ, ತಪ್ಪಲ ಬ್ಯಾರೆ."

ಹತ್ತರಕಿ ಎಂದರೆ ಮಳೆ ಮುಗಿಯುವ ಹೊತ್ತಿಗೆ ತಾನೇ ಹುಟ್ಟಿ, ನೆಲಕ್ಕೆ ಅಂಟಿಕೊಂಡು ಎಲೆ ಹರಡುವ ತಪ್ಪಲ, ಅಂದರೆ ಸೊಪ್ಪು. ಬಿಸಿ ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಪಕ್ಕದಲ್ಲಿ ಒಂದು ಹಿಡಿ ಹಸಿ ಹತ್ತರಕಿ ಇದ್ದರೆ ಅತ್ತೆಗೆ ಬೇರೆ ಪಲ್ಯವೇ ಬೇಡ. ಬೇಯಿಸುವುದಿಲ್ಲ, ಹೆಚ್ಚುವುದಿಲ್ಲ. ನೀರಲ್ಲಿ ಒಂದು ಸಲ ಅದ್ದಿ ಝಾಡಿಸಿ, ರೊಟ್ಟಿಯ ಚೂರಿನ ಜೊತೆ ಹಾಗೇ ಬಾಯಿಗೆ. ನಮ್ಮ ಕಡೆ ಎಲ್ಲರೂ ತಿನ್ನುವುದು ಹೀಗೆಯೇ. ಹೀಗಾಗಿ ನನ್ನ ಹಿತ್ತಿಲಲ್ಲಿ ಒಂದು ವಿಚಿತ್ರ ಒಪ್ಪಂದ ನಡೆದಿತ್ತು. ನಾನು ಹತ್ತರಕಿಯನ್ನು ಸುತ್ತು ಹಾಕಿ ಜೇಕು ಕೀಳಬೇಕು, ಆ ಸುತ್ತಿನಲ್ಲಿ ಉಳಿದ ಜೇಕು ಮತ್ತೆ ಇಡೀ ಹಿತ್ತಿಲಿಗೆ ಹಬ್ಬಬೇಕು.

ಹೋದ ವರ್ಷ ಮಳೆ ಕೊನೆಗೊಳ್ಳುವ ದಿನಗಳಲ್ಲಿ ನನ್ನ ಮೊಣಕಾಲು ಬಾತುಕೊಂಡು ಕುಕ್ಕರುಗಾಲಲ್ಲಿ ಕೂರುವುದೇ ಆಗದಾಯಿತು. ಅವ್ವನನ್ನು ನೋಡಲು ಬಂದಿದ್ದ ಮೈದುನ ನಾನು ಕುಂಟುವುದನ್ನು ಕಂಡು ನಕ್ಕ. "ವೈನಿ, ಗುದ್ದಾಡೂದ ಬಿಡ್ರಿ. ಪಂಪ ತಂದು ಒಂದ ತಾಸಿನ್ಯಾಗ ಹೊಡದ ಹೋಗತೇನಿ" ಎಂದ. ಒಳ್ಳೆಯ ಹುಡುಗ, ಹೇಳಿದ್ದು ಮಾಡುವವನು. ಅದಾದ ಕೆಲವು ದಿನಕ್ಕೆ, ನಾನು ಕಚೇರಿಯಲ್ಲಿದ್ದಾಗ, ನನ್ನ ಗಂಡ ಸಕ್ಕರೆ ಕಾರ್ಖಾನೆಯ ಪಾಳಿಗೆ ಹೋಗಿದ್ದಾಗ, ಬೈಕಿನ ಹಿಂದೆ ಪಂಪು ಕಟ್ಟಿಕೊಂಡು ಬಂದು ಇಡೀ ಹಿತ್ತಿಲಿಗೆ ಕಳೆನಾಶಕ ಹೊಡೆದು ಹೋದ. ನಮ್ಮ ಕಡೆ ಕಳೆಗೆ ಕಸ ಎಂದೂ ಹೊಲಕ್ಕೆ ಹೊಡೆಯುವ ಯಾವ ಔಷಧಿಗೂ ಎಣ್ಣೆ ಎಂದೂ ಹೆಸರು. "ಕಸಕ್ಕ ಎಣ್ಣಿ ಹೊಡದೇನಿ ಬೇ, ಹಿಂದ ಹೋಗಬ್ಯಾಡ" ಎಂದು ಅವ್ವನಿಗೆ ಹೇಳಿಯೇ ಹೋಗಿದ್ದ. ಹೇಳಲಿಲ್ಲ ಎಂದು ಅವನ ಮೇಲೆ ತಪ್ಪು ಹೊರಿಸುವ ಹಾಗಿಲ್ಲ.

ಸಂಜೆ ನಾನು ಬಂದಾಗ ಅಡುಗೆಮನೆಯಲ್ಲೇ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಇಡೀ ದಿನ ಮೋಡ ಮುಚ್ಚಿಕೊಂಡಿತ್ತು, ಗಾಳಿ ಇರಲಿಲ್ಲ, ವಾಸನೆ ಅಲ್ಲಿಯೇ ಕೂತಿತ್ತು. ಅತ್ತೆ ವಿಷಯ ಹೇಳಿದರು. ನಿಜ ಹೇಳಬೇಕೆಂದರೆ ನನಗೆ ಖುಷಿಯಾಯಿತು. ಜೇಕಿನ ಕಥೆ ಮುಗಿಯಿತು ಎಂದುಕೊಂಡು, ಹಿಂಬಾಗಿಲು ತೆಗೆದು ಸೀರೆ ಎತ್ತಿ ಹಿಡಿದು ನಿಂತು ನೋಡಿದೆ. ಜೇಕು ಎಂದಿನಂತೆ ಹಸಿರಾಗಿ ನಿಂತಿತ್ತು. ಆಮೇಲೆ ಒಗೆಯುವ ಕಲ್ಲಿನ ಬದಿಗೆ ನೋಡಿದೆ. ಅಲ್ಲಿ ಹತ್ತರಕಿ ಇರಲಿಲ್ಲ. ಯಾರೋ ಉಗುರಿನಿಂದ ಚಿವುಟಿ ಹರಿದುಕೊಂಡು ಹೋಗಿದ್ದರು. ಮೆತ್ತಗಿನ ಮಣ್ಣಿನಲ್ಲಿ ಮೈದುನನ ಬೂಟಿನ ಗುರುತು ಇತ್ತು. ಅದರ ಮೇಲೆ ಬರಿಗಾಲಿನ ಗುರುತು ಬಿದ್ದಿತ್ತು.

ಆ ಎಣ್ಣೆಯ ಕಥೆ ನಮ್ಮ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ನಮ್ಮ ಕಚೇರಿಯ ಒಬ್ಬಾಕೆಯ ಸಂಬಂಧಿಕ ಹೊಲದಲ್ಲಿ ಬಾಯಾರಿ, ನೀರೆಂದು ಬಾಟಲಿ ಎತ್ತಿ ಒಂದು ಗುಟುಕು ಬಾಯಿಗೆ ಹಾಕಿ ಉಗಿದಿದ್ದ. ಆಸ್ಪತ್ರೆಯ ಹಾಸಿಗೆಯ ಮೇಲೆ ಕೂತು ಎಲ್ಲರ ಜೊತೆ ಮಾತಾಡಿದ, ಚಹಾ ಕೇಳಿ ಕುಡಿದ. ಮನೆಗೆ ಕಳಿಸಿರಿ ಎಂದು ಜಗಳ ಮಾಡಿದ. ಡಾಕ್ಟರು ಮಾತ್ರ ಮನೆಯವರನ್ನು ಹೊರಗೆ ಕರೆದು, ಇದಕ್ಕೆ ಔಷಧಿ ಇಲ್ಲ, ದಿನ ಕಳೆದಂತೆ ಉಸಿರು ಸಾಲದಾಗುತ್ತದೆ ಎಂದಿದ್ದರಂತೆ. ಹಾಗೆಯೇ ಆಯಿತು. ಅದನ್ನು ಕೇಳಿದ ದಿನದಿಂದ ನಗುನಗುತ್ತಾ ಕೂತು ಚಹಾ ಕುಡಿಯುವ ಆ ಮನುಷ್ಯನ ಚಿತ್ರ ನನ್ನ ತಲೆಯಿಂದ ಹೋಗಿರಲಿಲ್ಲ. ಹಿತ್ತಿಲಲ್ಲಿ ನಿಂತಾಗ ಮೊದಲು ನೆನಪಾದದ್ದು ಅವನೇ. ನನಗೆ ಬಹಳ ಹೆದರಿಕೆಯಾಯಿತು.

ಒಳಗೆ ಓಡಿದೆ. "ಅತ್ತೀ, ಹತ್ತರಕಿ ಹರದೀರೇನ್ರಿ? ತಿಂದೀರೇನ್ರಿ?"

"ಇಲ್ಲ" ಎಂದರು ಅತ್ತೆ. ಟಿವಿಯಿಂದ ಮುಖ ತಿರುಗಿಸಲಿಲ್ಲ.

"ಖರೆ ಹೇಳ್ರಿ. ಅದು ವಿಷಾರೀ. ಅವನು ಕಸಕ್ಕಷ್ಟ ಅಲ್ಲ, ಇಡೀ ಹಿತ್ತಲಕ್ಕ ಹೊಡದ ಹೋಗ್ಯಾನ."

ಆಗ ಅವರು ನನ್ನ ಕಡೆ ನೋಡಿದರು. "ನಾ ಹರದಿಲ್ಲಂದ್ರ ಹರದಿಲ್ಲ. ಓಣ್ಯಾಗಿನವರ ಯಾರರ ಹರಕೊಂಡ ಹೋಗಿರಬೇಕು" ಎಂದರು.

ಆ ಮಾತು ನಂಬುವಂಥದ್ದೇ. ಹುಟ್ಟಿಕೊಂಡ ತಪ್ಪಲವನ್ನು ಹರಿಯಲು ನಮ್ಮಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಬದನೆಕಾಯಿ ಮುಟ್ಟಿದರೆ ಕಳ್ಳತನ, ಹತ್ತರಕಿ ಹರಿದರೆ ಅಲ್ಲ. ಹಿಂದಿನ ಗೋಡೆ ನನ್ನ ಸೊಂಟದಷ್ಟು ಎತ್ತರ. ಯಾರು ಬೇಕಾದರೂ ದಾಟಿ ಬರಬಹುದು, ಬರುತ್ತಲೂ ಇದ್ದರು. ಈಗ ಹೆದರಿಕೆ ಇನ್ನೂ ದೊಡ್ಡದಾಯಿತು. ಯಾವ ಮನೆಯ ತಾಟಿನಲ್ಲಿ ಆ ಎಲೆ ಬಿದ್ದಿದೆ? ಯಾವ ಮಗು ತಿಂದಿದೆ? ಚಪ್ಪಲಿ ಮೆಟ್ಟಿಕೊಂಡು ಓಣಿಗೆ ಬಿದ್ದೆ. ನನ್ನ ಧ್ವನಿ ನನ್ನದೇ ಎಂದು ಗುರುತಿಸಲಾಗದಷ್ಟು ಎತ್ತರಕ್ಕೆ ಏರಿತ್ತು. "ನಮ್ಮ ಹಿತ್ತಲದಾಗಿನ ಹತ್ತರಕಿ ಯಾರರ ಹರದೀರೇನ್ರಿ? ತಿನ್ನಬ್ಯಾಡ್ರಿ, ಎಣ್ಣಿ ಹೊಡದೈತಿ!" ಬಾಗಿಲುಗಳು ಒಂದೊಂದಾಗಿ ತೆರೆದವು. ಇಲ್ಲ, ಇಲ್ಲ, ಇಲ್ಲ. ಕೆಲವರು ಗಾಬರಿಯಾದರು, ಕೆಲವರು ನಾನು ತಪ್ಪಲದ ಲೆಕ್ಕ ಕೇಳಲು ಬಂದೆ ಎಂದು ಮುಖ ಗಂಟು ಹಾಕಿಕೊಂಡರು. ಬೈದುಕೊಳ್ಳಲಿ, ಬದುಕಿದ್ದರೆ ಬೈಯುತ್ತಾರೆ ಎಂದು ಮುಂದಿನ ಮನೆಗೆ ಹೋದೆ.

ಹಿಂಬದಿಯ ಮನೆಯಾಕೆ ಒಗೆದ ಬಟ್ಟೆ ತೆಗೆದಿಡುತ್ತಿದ್ದಳು. ನನ್ನ ಕೂಗು ಕೇಳಿ ಮಾಳಿಗೆಯ ಅಂಚಿಗೆ ಬಂದಳು.

"ಅಯ್ಯ, ಓಣಿ ತುಂಬ ಯಾಕ ಹುಡುಕಾಕತ್ತೀರಿ? ಮಧ್ಯಾನದಾಗ ನಿಮ್ಮ ಅತ್ತಿಯವರ ಹರಕೊಂಡ, ಉಡ್ಯಾಗ ಹಾಕ್ಕೊಂಡ ಒಳಗ ಹ್ವಾದ್ರಲ್ಲ. ನಾನು ಮಾತಾಡಿಸಿದೆ ಖರೆ, ಅವರಿಗೆ ಕೇಳಿಸಿಲ್ಲ."

ಬಂದ ದಾರಿಯಲ್ಲೇ ತಿರುಗಿ ಓಡಿದೆ. ಮನೆಗೆ ಹೇಗೆ ಬಂದೆನೋ. ಅತ್ತೆ ಅದೇ ಜಾಗದಲ್ಲಿ ಕೂತಿದ್ದರು, ಟಿವಿ ಆರಿಸಿದ್ದರು. ನಾನು ಬಾಯಿ ತೆಗೆಯುವ ಮೊದಲೇ ಅವರ ಕಣ್ಣಲ್ಲಿ ನೀರು ಬಂತು.

"ಒಂದ ಹಿಡಿ ತಿಂದೇನಿ. ರೊಟ್ಟಿ ಇಳೀಲಿಲ್ಲ, ಅದಕ್ಕ ಹರಕೊಂಡೆ."

"ಎಣ್ಣಿ ಹೊಡದೈತಿ ಅಂತ ಹೇಳಿದ್ನಲ್ಲರೀ ಅವನು!"

"ಕಸಕ್ಕ ಹೊಡದೇನಿ ಅಂದಾ. ಹತ್ತರಕಿ ಕಸ ಏನ? ನಾ ತಿನ್ನೂ ತಪ್ಪಲಕ್ಕ ನನ್ನ ಮಗಾ ಎಣ್ಣಿ ಹೊಡೀತಾನ ಅಂತ ನಾ ಹೆಂಗ ತಿಳಕೋಬೇಕು?"

ಕಬ್ಬು ಬೆಳೆಯುವವನಿಗೆ ಕಬ್ಬಲ್ಲದ್ದೆಲ್ಲ ಕಸ. ಅವನು ಅಡ್ಡಡ್ಡ ಹೆಜ್ಜೆ ಹಾಕಿ, ಒಂದು ಎಲೆಯನ್ನೂ ಬಿಡದೆ, ಅಚ್ಚುಕಟ್ಟಾಗಿ ಕೆಲಸ ಮುಗಿಸಿದ್ದ.

"ಮತ್ತ ನಾನು ಕೇಳಿದಾಗ ಇಲ್ಲ ಅಂತ ಯಾಕ ಅಂದ್ರಿ? ಓಣಿ ಅಡ್ಡಾಡಾಕ ಹಚ್ಚಿದ್ರಿ ನನ್ನ!"

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡರು. "ನಾ ಸತ್ರ ಏನಂತಾರ? ಮಗಾ ತಾಯಿಗೆ ಎಣ್ಣಿ ತಿನಿಸಿ ಕೊಂದಾ ಅಂತಾರ. ಅಂವಗ ಹೆಣ್ಣಮಕ್ಕಳ ಅದಾವ. ವಯಸ್ಸಾಗಿತ್ತು ಸತ್ಳು ಅಂತ ಆಗಲಿ ಬಿಡು."

ನನಗೆ ಸಿಟ್ಟು ಬಂತು. ಅಷ್ಟು ಹೆದರಿಕೆಯಲ್ಲೂ ಸಿಟ್ಟು ಬಂತು. ಅವರ ರಟ್ಟೆ ಹಿಡಿದು ಎಬ್ಬಿಸಿ, ಗಂಡನಿಗೆ ಫೋನ್ ಮಾಡಿ, ಆಟೋ ನಿಲ್ಲಿಸಿ, ಆಸ್ಪತ್ರೆಗೆ ಹೊರಟೆ. ದಾರಿಯುದ್ದಕ್ಕೂ ಅವರ ಬಾಯನ್ನೇ ನೋಡುತ್ತಿದ್ದೆ. ಗಂಟಲು ಉರಿಯುತ್ತದೆಯೇ, ನಾಲಗೆ ಸುಟ್ಟಿದೆಯೇ ಎಂದು ಕೇಳಿ ಕೇಳಿ ಅವರೇ ಬೇಸತ್ತು, "ಸುಮ್ಮನ ಕುಂದರ, ಆಟೋದಾಂವ ಕೇಳಾಕತ್ತಾನ" ಎಂದು ಗದರಿದರು.

ಡಾಕ್ಟರು ಸಣ್ಣ ವಯಸ್ಸಿನವರು. ಒಂದು ಕರ್ರಗಿನ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸಿದರು, ಸಲೈನ್ ಹಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಪ್ರಶ್ನೆ. "ಯಾವ ಎಣ್ಣಿರೀ?"

ನನಗೆ ಗೊತ್ತಿರಲಿಲ್ಲ. ಮೈದುನನಿಗೆ ಫೋನ್ ಹಚ್ಚಿದೆ. ನಡೆದದ್ದು ಕೇಳಿ ಹಾಗೇ ಹೊರಟು ಬಂದ. ಕೈಯಲ್ಲಿ ಒಂದು ಗೋಣಿಚೀಲ, ಚೀಲದಲ್ಲಿ ಒಂದಲ್ಲ ಎರಡು ಕ್ಯಾನು. ಎರಡೂ ಬಿಳಿಯವು, ಎರಡೂ ಅರ್ಧ ಖಾಲಿ.

"ಎರಡೂ ಒಂದ ಕಡೆ ಇದ್ದೂರಿ" ಎಂದ ಡಾಕ್ಟರಿಗೆ. "ಮುಂಜಾನೆ ಕರೆಂಟ್ ಇರಲಿಲ್ಲ. ಕತ್ತಲದಾಗ ಕೈಗೆ ಸಿಕ್ಕಿದ್ದರಿಂದ ಬಾಟ್ಲಿಗೆ ಸುರವಿಕೊಂಡ ಬಂದ್ನಿ. ಈ ದೊಡ್ಡ ಕ್ಯಾನಿಂದ ಅಂತ ಅನಸತೈತಿ. ಆದ್ರ ಆಣಿ ಮಾಡಿ ಹೇಳ ಅಂದ್ರ ಹೇಳಾಕ ಆಗೂದಿಲ್ಲರಿ."

"ಬಣ್ಣ ನೋಡಲಿಲ್ಲೇನ್ರಿ?"

"ಬಾಟ್ಲಿ ಹಸರ ಇತ್ತರಿ. ಏನ ಹಾಕಿದ್ರೂ ಹಸರನ ಕಾಣತಿತ್ತು."

ಡಾಕ್ಟರು ಎರಡು ಕ್ಯಾನುಗಳ ಮೇಲಿನ ಚೀಟಿಗಳನ್ನು ಓದಿದರು. ಸಣ್ಣ ಕ್ಯಾನಿನ ಚೀಟಿ ಓದುವಾಗ ಅವರ ಮುಖ ಬದಲಾದದ್ದನ್ನು ನಾನು ಕಂಡೆ. ನಮ್ಮನ್ನು ಹೊರಗೆ ಕರೆದರು. ಹೊರಗೆ ಕರೆದರು ಎಂಬುದೇ ನನ್ನ ಜೀವ ಅರ್ಧ ತೆಗೆಯಿತು. ಆ ಚಹಾ ಕುಡಿದವನ ಮನೆಯವರನ್ನೂ ಹೀಗೆಯೇ ಕರೆದಿದ್ದರಲ್ಲವೇ?

ಅವರು ಹೇಳಿದ್ದು ಇಷ್ಟು. ದೊಡ್ಡ ಕ್ಯಾನಿನದಾಗಿದ್ದರೆ, ಎಲೆಯ ಮೇಲಿನ ಅಷ್ಟು ಪ್ರಮಾಣಕ್ಕೆ ಜೀವಕ್ಕೆ ಅಪಾಯ ಬಹಳವಿಲ್ಲ, ಮೂತ್ರಪಿಂಡದ ಮೇಲೆ ಕಣ್ಣಿಟ್ಟು ಕೆಲವು ದಿನ ಇಟ್ಟುಕೊಂಡರೆ ಸಾಕು. ಸಣ್ಣ ಕ್ಯಾನಿನದಾಗಿದ್ದರೆ ಅದಕ್ಕೆ ಮದ್ದಿಲ್ಲ. ಈ ವಯಸ್ಸಿಗೆ ಸ್ವಲ್ಪವೇ ಆದರೂ ಏನೂ ಹೇಳಲಾಗದು. ಪರೀಕ್ಷೆಗೆ ಹೊರಗೆ ಕಳಿಸಿದ್ದು ಬರುವುದು ತಡ.

"ನಿಮ್ಮ ಕಸ ಹೆಂಗ ಐತ್ರಿ?" ಎಂದು ಇದ್ದಕ್ಕಿದ್ದಂತೆ ಕೇಳಿದರು.

ನನಗೆ ತಿಳಿಯಲಿಲ್ಲ.

"ಹಿತ್ತಲದಾಗಿನ ಕಸಾರೀ. ಈ ಸಣ್ಣ ಕ್ಯಾನಿಂದು ಬಿಸಲ ಬಿದ್ದ ಕೂಡಲೇ ಸುಡತೈತಿ. ಇವತ್ತ ಮೋಡ ಇತ್ತು, ಅದಕ್ಕ ಕಂಡಿರಲಿಕ್ಕಿಲ್ಲ. ನಾಳೆ ಹೊತ್ತ ಏರಿದ ಮ್ಯಾಲ ಎಲಿ ಕಂದಾಗಿದ್ರ ಅದು ಇದ. ಹಸರ ಇದ್ರ ದೊಡ್ಡ ಕ್ಯಾನಿಂದು, ಅದು ಸಾವಕಾಶ ಒಣಗಸತೈತಿ. ನಮ್ಮ ಪರೀಕ್ಷಾ ಬರೂದ್ರೊಳಗ ನಿಮ್ಮ ಕಸಾನ ಹೇಳತೈತಿ."

ಮುಂಜಾನೆ ಅತ್ತೆಯ ಹತ್ತಿರ ಗಂಡನನ್ನು ಬಿಟ್ಟು ನಾನೂ ಮೈದುನನೂ ಅವನ ಬೈಕಿನಲ್ಲಿ ಮನೆಗೆ ಬಂದೆವು. ಅವನು ಹಿಂಬಾಗಿಲವರೆಗೆ ಬಂದು, ಹೊಸ್ತಿಲ ಒಳಗೇ ಗೋಡೆಗೆ ಮುಖ ಮಾಡಿ ಕೂತುಬಿಟ್ಟ. "ನೀವ ನೋಡ್ರಿ ವೈನಿ. ನನ್ನ ಕೈಲೆ ಆಗೂದಿಲ್ಲ" ಎಂದ.

ನಾನು ಕೆಳಗಿಳಿದೆ. ಜೇಕು ನಿಂತಿತ್ತು. ಹಸಿರಾಗಿಯೇ ಇತ್ತು, ಆದರೆ ಬಿಸಿಲು ಇನ್ನೂ ಬಂದಿರಲಿಲ್ಲ. ಪೂರ್ವದ ಕಡೆ ಮೋಡ ತೆಳ್ಳಗೆ ಹಾಸಿತ್ತು. ಮೊಣಕಾಲು ನೋವನ್ನು ಲೆಕ್ಕಿಸದೆ ಕುಕ್ಕರಿಸಿ ಕೂತು ಒಂದೊಂದು ಎಲೆ ನೋಡತೊಡಗಿದೆ. ಬದನೆ ಗಿಡದ ಬುಡದಲ್ಲಿ ಒಂದು ಎಲೆ ಅಂಚಿನಲ್ಲಿ ಕಂದಾಗಿತ್ತು. ಎಲೆ ಮಗುಚಿ ನೋಡಿದೆ. ಕೆಳಗೆ ಹುಳ ತಿಂದ ತೂತು, ಹಳೆಯದು. ಇನ್ನೊಂದು ಎಲೆಯ ಮೇಲೆ ಚುಕ್ಕೆ ಇತ್ತು, ಉಗುರಿನಿಂದ ಕೆರೆದರೆ ಮಣ್ಣು. ಹೀಗೆ ಹತ್ತಾರು ಸಲ ಸತ್ತು ಬದುಕಿದೆ.

ಆಮೇಲೆ ಮೋಡ ಸರಿದು ಬಿಸಿಲು ಬಂತು. ಯಾವ ಬಿಸಿಲಿಗೂ ನಾನು ಅಷ್ಟು ಹೆದರಿದವಳಲ್ಲ. ಅದು ಹಿಂದಿನ ಗೋಡೆಯ ಮೇಲಿಂದ ಇಳಿದು, ಕರಿಬೇವು ದಾಟಿ, ಜೇಕಿನ ಮೇಲೆ ಬಂದು ಬಿತ್ತು. ನಾನು ಆ ಹುಲ್ಲನ್ನೇ ನೋಡುತ್ತಾ ಕೂತೆ. ವರ್ಷಗಟ್ಟಲೆ ಕಿತ್ತಿದ್ದೇನೆ, ಬೈದಿದ್ದೇನೆ, ಬಿಸಿನೀರು ಸುರಿದಿದ್ದೇನೆ, ಉಪ್ಪು ಹಾಕಿದ್ದೇನೆ. ಈಗ ಕೈ ಮುಗಿಯುವುದೊಂದು ಬಾಕಿ ಇತ್ತು, ಅದನ್ನೂ ಮಾಡಿದೆ. ಒಣಗಬೇಡ, ನಿನ್ನ ಕಾಲಿಗೆ ಬೀಳುತ್ತೇನೆ, ಇಡೀ ಹಿತ್ತಿಲು ನೀನೇ ತೆಗೆದುಕೋ, ಬದನೆ ಬೇಡ, ಮೆಣಸಿನಕಾಯಿ ಬೇಡ, ಹಸಿರಾಗಿರು ಎಂದು ಬಾಯಿಬಿಟ್ಟೇ ಬೇಡಿಕೊಂಡೆ. ನೋಡಿದವರು ಏನೆಂದುಕೊಳ್ಳುತ್ತಿದ್ದರೋ. ಮಾಳಿಗೆಯ ಮೇಲಿಂದ ಹಿಂಬದಿಯ ಮನೆಯಾಕೆ ನೋಡುತ್ತಲೇ ಇದ್ದಳು.

"ವೈನಿ, ಏನಾತ್ರಿ?" ಎಂದು ಮೈದುನ ಗೋಡೆಗೆ ಮುಖ ಮಾಡಿಯೇ ಕೇಳಿದ.

"ತಡಿ."

ಮತ್ತೆ ಸ್ವಲ್ಪ ಹೊತ್ತಿಗೆ, "ವೈನಿ?"

"ತಡಿ ಅಂದ್ನಿಲ್ಲ!"

ಬಿಸಿಲು ಚುರುಕಾಯಿತು. ಬೆನ್ನು ಕಾಯತೊಡಗಿತು. ನೆಲದ ತೇವ ಆರಿತು. ಜೇಕು ಹಾಗೇ ಇತ್ತು. ತುದಿಯಿಂದ ಬುಡದವರೆಗೆ ಬೆರಳು ಎಳೆದು ನೋಡಿದೆ, ಬಿರುಸಾಗಿ, ತಣ್ಣಗೆ, ಹಸಿರಾಗಿತ್ತು. ಕಾಂಗ್ರೆಸ್ ಕಸವೂ ಹಸಿರು, ಗರಿಕೆಯೂ ಹಸಿರು. ಚಿವುಟಿದ ಹತ್ತರಕಿಯ ಬುಡದಲ್ಲಿ ಉಳಿದಿದ್ದ ಒಂದು ಮುರುಕು ಎಲೆಯೂ ಹಸಿರು. ಒಂದೂ ಸುಟ್ಟಿರಲಿಲ್ಲ.

"ಹಸರ ಐತಿ ತಮ್ಮಾ" ಎಂದೆ. ಮತ್ತೆ ಹೇಳಿದೆ. "ಎಲ್ಲಾ ಹಸರ ಐತಿ."

ಅವನು ಎದ್ದು ಬಂದು ನೋಡಲಿಲ್ಲ. ಕೂತಲ್ಲೇ ಹಣೆಯನ್ನು ಗೋಡೆಗೆ ಒತ್ತಿ ಅಳತೊಡಗಿದ. ನಾನು ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. ಅವರು ಸಂಜೆಗೆ ಇನ್ನೊಮ್ಮೆ ನೋಡಿರಿ ಎಂದರು. ಸಂಜೆಯೂ ನೋಡಿದೆ, ಮರುದಿನವೂ ನೋಡಿದೆ. ಪರೀಕ್ಷೆಯ ಫಲಿತಾಂಶ ಬಂದು ಅದೇ ಮಾತು ಹೇಳುವವರೆಗೂ ನನ್ನ ಹೆದರಿಕೆ ಪೂರ್ತಿ ಇಳಿಯಲಿಲ್ಲ.

ಹಿತ್ತಿಲು ನೋಡಿ ಬಂದ ಆ ದಿನವೇ ಮಧ್ಯಾಹ್ನ ಆಸ್ಪತ್ರೆಯಲ್ಲಿ ಅತ್ತೆಗೆ ಗಂಜಿ ಕುಡಿಸುತ್ತಾ ಕೂತಿದ್ದೆ. ಮೈದುನ ಬಂದು ಅವರ ಕಾಲು ಒತ್ತಿ, ಹೊರಗೆ ಹೋಗಿ ನಿಂತಿದ್ದ. ಅತ್ತೆಯ ಕಣ್ಣು ಬಾಗಿಲ ಕಡೆಗೇ ಇತ್ತು.

"ಅಂವಾ ಉಂಡಾನೇನ?" ಎಂದರು.

"ಉಣತಾನ ಬಿಡ್ರಿ. ಮೊದಲ ನೀವು ಬಾಯಿ ತಗೀರಿ." ನನ್ನ ಹೆದರಿಕೆ ಸಿಟ್ಟಾಗಿ ತಿರುಗಿತ್ತು. "ಇನ್ನೊಮ್ಮೆ ಹಿಂಗ ಮುಚ್ಚಿಡಬ್ಯಾಡ್ರಿ ಅತ್ತೀ. ಆಕಿ ನೋಡಿರಲಿಲ್ಲಂದ್ರ ನಮಗ ಗೊತ್ತ ಆಗತಿರಲಿಲ್ಲ. ನೀವು ನನ್ನ ಕಣ್ಣ ಮುಂದ ಸಾಯತಿದ್ರಿ, ನಾ ನಿಮಗ ಚಾ ಮಾಡಿ ಕೊಡತಿದ್ನಿ. ಯಾಕಂತ ನನಗಾದ್ರೂ ಹೇಳಬೇಕಿಲ್ಲೇನ್ರಿ?"

ಅತ್ತೆ ಗಂಜಿ ನುಂಗಿ, ಸುಳ್ಳು ಹೇಳುವ ಶಕ್ತಿ ಮುಗಿದವರಂತೆ ನೇರವಾಗಿ ನನ್ನ ಮುಖ ನೋಡಿ ಹೇಳಿದರು.

"ಎಣ್ಣಿ ಹೊಡದಾಕಿ ನೀ ಆಗಿದ್ರ ಆಗಲೇ ಒದರಿ ಓಣಿ ಕೂಡಸತಿದ್ನಿ."

ಹೇಳಿ, ಮತ್ತೆ ಬಾಯಿ ತೆಗೆದರು. ನಾನು ಇನ್ನೊಂದು ಚಮಚ ತುಂಬಿ ಹಿಡಿದೆ. ಗಂಜಿ ಅವರ ಗದ್ದದ ಮೇಲೆ ಚೆಲ್ಲಿತು. ಅದನ್ನು ನನ್ನ ಸೆರಗಿನಿಂದಲೇ ಒರೆಸಿದೆ.